ಒಂದೇ ಮಗುವಿನ ಕಾನೂನು ನಮಗೆ ಬೇಕೇ?

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ವಿಜಯನಗರದಲ್ಲಿ ನೆಲೆಸಿದ್ದೇನೆ. ನಾನು ಬಂದಾಗ ಇದ್ದ ಬೆಂಗಳೂರಿನ ಗುರುತೇ ಈಗ ಸಿಗುವುದಿಲ್ಲ. ಎಲ್ಲಿ ನೋಡಿದರೂ ಜನ, ವಾಹನ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯಬೇಕು. ಜಗತ್ತಿನ ಜನಸಂಖ್ಯೆ 800 ಕೋಟಿ ದಾಟಿದೆ, ಭಾರತ ಚೀನಾವನ್ನೂ ಹಿಂದಿಕ್ಕಿದೆ. ನಮ್ಮಲ್ಲೂ ಚೀನಾದಂತೆ ಒಂದೇ ಮಗುವಿನ ಕಾನೂನು ಏಕೆ ತರಬಾರದು? ಇನ್ನೊಂದು ಕಡೆ, ದಕ್ಷಿಣದವರು ಹೆಚ್ಚು ಮಕ್ಕಳನ್ನು ಹೆರಬೇಕೆಂದು ರಾಜಕಾರಣಿಗಳು ಹೇಳುತ್ತಿದ್ದಾರೆ. ಯಾರ ಮಾತು ಸರಿ? ಮನೆಯಲ್ಲೂ ಇದೇ ಚರ್ಚೆ ನಡೆದಿದೆ. ನಮ್ಮ ಸೊಸೆಗೆ ಇಬ್ಬರು ಮಕ್ಕಳು. ಇನ್ನು ಸಾಕು ಎಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಆಕೆಗೆ ಆಪರೇಷನ್ ಎಂದರೆ ಭಯ. ಏನು ಮಾಡಬಹುದು?
– ಓದುಗರು, ವಿಜಯನಗರ

ಉತ್ತರ: ಕಾನೂನಿನ ವಿಷಯದಿಂದಲೇ ಆರಂಭಿಸುತ್ತೇನೆ. ಅದು ಬೇಡ. ಕರ್ನಾಟಕದಲ್ಲಂತೂ ಅಂಥ ಕಾನೂನಿಗೆ ಮಾಡಲು ಕೆಲಸವೇ ಉಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮಹಿಳೆಯೊಬ್ಬಳು ಹೆರುವ ಮಕ್ಕಳ ಸರಾಸರಿ ಸಂಖ್ಯೆ 1.7. ಇಡೀ ದೇಶದ ಸರಾಸರಿ 2.0. ತಂದೆತಾಯಿಯ ಜಾಗವನ್ನು ಮಕ್ಕಳು ತುಂಬಿ ಜನಸಂಖ್ಯೆ ಹೆಚ್ಚದೆ, ಕಡಿಮೆಯಾಗದೆ ನಿಲ್ಲಲು ಬೇಕಾದದ್ದು ಸುಮಾರು 2.1. ಕೆಲವು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಾರೆ, ಹೆಣ್ಣಿಗಿಂತ ಗಂಡು ಮಕ್ಕಳು ತುಸು ಹೆಚ್ಚು ಹುಟ್ಟುತ್ತಾರೆ. ಆ ಕಾರಣಕ್ಕೆ ಎರಡರ ಮೇಲೆ ಅಷ್ಟು ಸೇರಿಸಬೇಕು. ನಾವು ಆ ಗೆರೆಗಿಂತ ಕೆಳಗಿಳಿದು ಬಹಳ ವರ್ಷಗಳಾಗಿವೆ. ಇದೇ ಸಮೀಕ್ಷೆಯ ಮೊದಲ ಸುತ್ತು 1992–93ರಲ್ಲಿ ನಡೆದಾಗ ದೇಶದ ಸರಾಸರಿ 3.4 ಇತ್ತು. ಒಂದು ತಲೆಮಾರಿನೊಳಗೆ ಇಷ್ಟು ಇಳಿಯಲು ಯಾರಿಗೂ ದಂಡ ಹಾಕಬೇಕಾಗಲಿಲ್ಲ.

ಹಾಗಾದರೆ ಜನ ಇನ್ನೂ ಹೆಚ್ಚುತ್ತಲೇ ಇರುವುದೇಕೆ ಎಂದು ನೀವು ಕೇಳುತ್ತೀರಿ. ಜನಸಂಖ್ಯಾಶಾಸ್ತ್ರ ಕಲಿಯಲು ಬರುವ ವಿದ್ಯಾರ್ಥಿಗಳೂ ಮೊದಲ ವಾರದಲ್ಲಿ ಇದನ್ನೇ ಕೇಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ. ಒಂದು ಊರಿನಲ್ಲಿ 100 ದಂಪತಿಗಳಿದ್ದು, ಪ್ರತಿ ಮನೆಯಲ್ಲೂ ಆರು ಮಕ್ಕಳು ಬದುಕಿ ಬೆಳೆದರು ಎಂದುಕೊಳ್ಳಿ. ಅಜ್ಜ ಅಜ್ಜಿಯರು 200, ಅವರ ಮಕ್ಕಳು 600. ಆ 600 ಮಂದಿ 300 ಸಂಸಾರ ಹೂಡಿ, ಎರಡೆರಡು ಮಕ್ಕಳಿಗೇ ನಿಲ್ಲಿಸಿದರೂ ಮೊಮ್ಮಕ್ಕಳು 600. ಈಗ ಊರಿನ ಒಟ್ಟು ಜನ 1,400. ಮುಂದೆ ಅಜ್ಜ ಅಜ್ಜಿಯರು ತೀರಿಕೊಂಡು ಮರಿಮಕ್ಕಳು ಹುಟ್ಟುವಾಗ ಹೋಗುವವರು 200, ಬರುವವರು 600. ಒಟ್ಟು 1,800. ಎರಡನೆಯ ತಲೆಮಾರಿನಿಂದ ಈಚೆಗೆ ಯಾರೂ ಎರಡಕ್ಕಿಂತ ಹೆಚ್ಚು ಹೆರಲಿಲ್ಲ, ಆದರೂ ಊರು ದೊಡ್ಡದಾಯಿತು. ಭಾರತದಲ್ಲಿ ಈಗ ನಡೆಯುತ್ತಿರುವುದು ಇದು. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಇಂದು ಮದುವೆಯ ವಯಸ್ಸಿನಲ್ಲಿದೆ. ಅವರು ಕಡಿಮೆ ಹೆತ್ತರೂ ಹೆರುವವರ ಸಂಖ್ಯೆಯೇ ದೊಡ್ಡದು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ನಮ್ಮ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ 170 ಕೋಟಿಯ ಆಸುಪಾಸು ತಲುಪಿ, ಆಮೇಲೆ ಇಳಿಯತೊಡಗುತ್ತದೆ. ಈ ಏರಿಕೆಯ ಬಹುಪಾಲು ಈಗಾಗಲೇ ಹುಟ್ಟಿರುವವರಿಂದಲೇ ಆಗುವಂಥದ್ದು. ಅದನ್ನು ಯಾವ ಕಾನೂನೂ ಅಳಿಸಲಾರದು.

ಜಗತ್ತಿನ ಕಥೆಯೂ ಬೇರೆಯಲ್ಲ. ಮನುಷ್ಯರ ಸಂಖ್ಯೆ 1804ರ ಸುಮಾರಿಗೆ 100 ಕೋಟಿ ಮುಟ್ಟಿತು. ಅದು 200 ಕೋಟಿ ಆಗಲು 1927ರವರೆಗೆ, ಅಂದರೆ 120 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1960ರಲ್ಲಿ 300, 1987ರಲ್ಲಿ 500, 2011ರಲ್ಲಿ 700, 2022ರ ನವೆಂಬರ್ 15ಕ್ಕೆ 800 ಕೋಟಿ. ಈ ಸಂಖ್ಯೆಗಳನ್ನು ಸಾಲಾಗಿ ನೋಡಿದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಬೆಳವಣಿಗೆಯ ದರವನ್ನು ನೋಡಿ: 1960ರ ದಶಕದಲ್ಲಿ ವರ್ಷಕ್ಕೆ ಶೇ 2ನ್ನು ಮೀರಿದ್ದು ಇಂದು ಶೇ 1ಕ್ಕಿಂತ ಕೆಳಗಿದೆ. ಆಗ ಜಗತ್ತಿನ ತಾಯಂದಿರು ಸರಾಸರಿ ಐದು ಮಕ್ಕಳನ್ನು ಹೆರುತ್ತಿದ್ದರು. ಈಗ ಅದು ಎರಡೂಕಾಲು. ಅರ್ಧಕ್ಕಿಂತ ಹೆಚ್ಚು ದೇಶಗಳು 2.1ಕ್ಕಿಂತ ಕೆಳಗಿವೆ. ವಿಶ್ವಸಂಸ್ಥೆಯ ಅದೇ ಅಂದಾಜಿನಲ್ಲಿ ಜಗತ್ತಿನ ಜನಸಂಖ್ಯೆ 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿಗೆ ನಿಂತು ಇಳಿಮುಖವಾಗುತ್ತದೆ. ಮಕ್ಕಳು ಹೆಚ್ಚು ಹುಟ್ಟತೊಡಗಿದ್ದರಿಂದ ಇಷ್ಟೆಲ್ಲ ಏರಿಕೆ ಆಯಿತೆಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಆದದ್ದು ಸಾವು ಕಡಿಮೆಯಾದದ್ದು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಅದು 28. ಇದನ್ನು ಸಮಸ್ಯೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಚೀನಾ. ಅಲ್ಲಿನ ಒಂದು ಮಗು ನೀತಿ 1980ರಲ್ಲಿ ದೇಶವ್ಯಾಪಿಯಾಯಿತು. ಆದರೆ ಅದಕ್ಕೂ ಮುಂಚಿನ ದಶಕದಲ್ಲೇ, ತಡವಾದ ಮದುವೆ, ಹೆರಿಗೆಗಳ ನಡುವಿನ ಅಂತರ, ಹಳ್ಳಿಹಳ್ಳಿಗೆ ತಲುಪಿದ ಆರೋಗ್ಯ ಸೇವೆಗಳ ಮೂಲಕ ಅಲ್ಲಿನ ಸರಾಸರಿ ಆರರ ಸಮೀಪದಿಂದ ಮೂರಕ್ಕಿಂತ ಕೆಳಗೆ ಇಳಿದಾಗಿತ್ತು. ಇಳಿಕೆಯ ದೊಡ್ಡ ಪಾಲು ನೀತಿ ಬರುವ ಮೊದಲೇ ಮುಗಿದಿತ್ತು ಎಂಬುದನ್ನು ಕಾನೂನು ಬೇಕೆನ್ನುವವರು ಹೇಳುವುದೇ ಇಲ್ಲ. ನೀತಿ ತಂದುಕೊಟ್ಟದ್ದೇನು? ಬಲವಂತದ ಗರ್ಭಪಾತ, ದಂಡ, ಗಂಡೇ ಬೇಕೆಂಬ ಹಂಬಲಕ್ಕೆ ಬಲಿಯಾದ ಹೆಣ್ಣು ಭ್ರೂಣಗಳು. 2000ದ ದಶಕದ ಮಧ್ಯದಲ್ಲಿ ಅಲ್ಲಿ 100 ಹೆಣ್ಣು ಶಿಶುಗಳಿಗೆ 118ರಷ್ಟು ಗಂಡು ಶಿಶುಗಳು ಹುಟ್ಟುತ್ತಿದ್ದವು. 2016ರಲ್ಲಿ ಎರಡು ಮಕ್ಕಳಿಗೆ ಅವಕಾಶ, 2021ರಲ್ಲಿ ಮೂರಕ್ಕೆ. 2022ರಿಂದ ಜನಸಂಖ್ಯೆಯೇ ಕುಸಿಯತೊಡಗಿತು. 2025ರಲ್ಲಿ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ನಮ್ಮ ದೇಶದಲ್ಲಿ ಹೆಣ್ಣು ಭ್ರೂಣಹತ್ಯೆ ಇನ್ನೂ ನಿಂತಿಲ್ಲ. ಅಂಥಲ್ಲಿ ಒಂದೇ ಮಗು ಎಂದು ವಿಧಿಸಿದರೆ ಆ ಒಂದು ಮಗು ಯಾವುದಾಗಿರಬೇಕೆಂದು ಎಷ್ಟು ಮನೆಗಳು ಮೊದಲೇ ತೀರ್ಮಾನಿಸಿಬಿಡುತ್ತವೆ, ಯೋಚಿಸಿ.

ಬಲವಂತದ ಪಾಠ ಕಲಿಯಲು ನಾವು ಚೀನಾಕ್ಕೆ ಹೋಗಬೇಕಾಗಿಯೂ ಇಲ್ಲ. 1965–66ರ ಬರಗಾಲದಲ್ಲಿ ಹಡಗಿನಲ್ಲಿ ಬರುವ ಅಮೆರಿಕದ ಗೋಧಿಗೆ ಕೈಯೊಡ್ಡಬೇಕಾಗಿ ಬಂದ ದೇಶದಲ್ಲಿ ಜನಸಂಖ್ಯೆಯ ಭೀತಿ ಬೇರೂರಿತ್ತು. ತುರ್ತುಪರಿಸ್ಥಿತಿಯಲ್ಲಿ ಆ ಭೀತಿಗೆ ಅಧಿಕಾರವೂ ಸೇರಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರ ಮೇಲೆ. ಶಿಕ್ಷಕರಿಗೆ, ಗುಮಾಸ್ತರಿಗೆ ಗುರಿ ನಿಗದಿಯಾಯಿತು. ಗುರಿ ಮುಟ್ಟದಿದ್ದರೆ ಸಂಬಳಕ್ಕೇ ಕುತ್ತು. ಸಿಕ್ಕವರು ಬಡವರು, ದಲಿತರು, ಮುಸ್ಲಿಮರು. ಮರುವರ್ಷ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹತ್ತು ಲಕ್ಷದೊಳಗೆ ಬಿದ್ದಿತು, ಸರ್ಕಾರವೂ ಬಿದ್ದಿತ್ತು. ಕುಟುಂಬ ಯೋಜನೆ ಎಂಬ ಹೆಸರೇ ಕೇಡಿನದಾಗಿ, ಅದನ್ನು ಕುಟುಂಬ ಕಲ್ಯಾಣ ಎಂದು ಬದಲಿಸಬೇಕಾಯಿತು. ಆ ಗಾಯ ಇಂದಿಗೂ ಮಾಗಿಲ್ಲ ಎನ್ನಲು ಒಂದು ಲೆಕ್ಕ ಸಾಕು. 2019–21ರ ಸಮೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಮಹಿಳೆಯರು ಶೇ 38ರಷ್ಟು, ಗಂಡಸರು ಶೇ 0.3. ಬೆದರಿದ ಆಡಳಿತ ಗಂಡಸರನ್ನು ಬಿಟ್ಟು ಹೆಂಗಸರ ಕಡೆ ತಿರುಗಿತು. ಆ ಭಾರವೇ ಈಗ ನಿಮ್ಮ ಸೊಸೆಯ ಮುಂದೆಯೂ ಬಂದು ನಿಂತಿದೆ.

ನಮ್ಮ ನೆಲದ ಹಳೆಯ ಅನುಭವ ಇದಕ್ಕಿಂತ ಒಳ್ಳೆಯದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈ ಹಾಕಿದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮ ಆರಂಭಿಸಿದಾಗ ಅದೂ ಜಗತ್ತಿನಲ್ಲೇ ಮೊದಲನೆಯದು. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ; ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ತಿಂಗಳ ಸುರಕ್ಷಿತ ದಿನಗಳನ್ನು ಎಣಿಸುವ ಪದ್ಧತಿಯ ಪ್ರಯೋಗ ಶುರುವಾಯಿತು. ಆಯ್ದುಕೊಂಡ ಸ್ಥಳಗಳು ಎರಡು: ದೆಹಲಿಯ ಲೋಧಿ ಕಾಲೊನಿ, ಮತ್ತು ಇಲ್ಲೇ ಬೆಂಗಳೂರಿನ ಪಕ್ಕದ ರಾಮನಗರ. ಓದು ಬಾರದ ಮಹಿಳೆಯರೂ ದಿನ ಎಣಿಸಲಿ ಎಂದು ಬಣ್ಣದ ಮಣಿಗಳ ಸರ ರೂಪಿಸಿದರು. ದಿನಕ್ಕೊಂದು ಮಣಿ ಸರಿಸಬೇಕು, ಕೆಲವು ಬಣ್ಣದ ದಿನಗಳಲ್ಲಿ ಗಂಡಹೆಂಡಿರು ದೂರವಿರಬೇಕು. ತಿಂಗಳ ಮುಟ್ಟು ಎಲ್ಲರಿಗೂ ಲೆಕ್ಕದಂತೆ ಬರುವುದಿಲ್ಲ, ಹತ್ತಿರ ಬರಬೇಡ ಎಂದು ಗಂಡನಿಗೆ ಹೇಳುವ ಸ್ವಾತಂತ್ರ್ಯವೂ ಎಲ್ಲ ಹೆಂಗಸರಿಗೆ ಇರಲಿಲ್ಲ. ಪ್ರಯೋಗ ಸೋತಿತು. ಆದರೆ ಅದರಿಂದ, ಮತ್ತು ಅದೇ ಕಾಲದಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದಿಂದ, ಒಂದು ಮುಖ್ಯ ವಿಷಯ ತಿಳಿಯಿತು. ಮಕ್ಕಳು ಇಷ್ಟು ಸಾಕು ಎಂಬ ಬಯಕೆ ಹಳ್ಳಿಯ ಮನೆಗಳಲ್ಲೂ ಆಗಲೇ ಇತ್ತು. ಇಲ್ಲದಿದ್ದದ್ದು ನಂಬಬಹುದಾದ ಸಾಧನ.

ಈ ವಿಷಯದಲ್ಲಿ ಇಷ್ಟು ವರ್ಷ ಓದಿದ್ದರಲ್ಲಿ, ಕಲಿಸಿದ್ದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಅದೇ. ಬಾಂಗ್ಲಾದೇಶವನ್ನೇ ನೋಡಿ. 1970ರ ದಶಕದಲ್ಲಿ ಅಲ್ಲಿನ ತಾಯಂದಿರು ಸರಾಸರಿ ಏಳರ ಹತ್ತಿರ ಹೆರುತ್ತಿದ್ದರು. ಯುದ್ಧ, ಕ್ಷಾಮ, ಚಂಡಮಾರುತಗಳಿಂದ ಜರ್ಜರಿತವಾಗಿದ್ದ ಬಡ ದೇಶ. ಹೆಂಗಸರು ಆಸ್ಪತ್ರೆಗೆ ಬರಲಾರರು ಎಂದಾದಾಗ ಸರ್ಕಾರ ಓದು ಬಲ್ಲ ಹಳ್ಳಿಯ ಹೆಣ್ಣುಮಕ್ಕಳನ್ನೇ ಸಾವಿರಾರು ಸಂಖ್ಯೆಯಲ್ಲಿ ನೇಮಿಸಿ ಮನೆಮನೆಗೆ ಕಳುಹಿಸಿತು. ಅವರು ಮಾತ್ರೆ ಕೊಟ್ಟರು, ಇಂಜೆಕ್ಷನ್ ಬಗ್ಗೆ ತಿಳಿಸಿದರು, ತಲೆಸುತ್ತು ಬಂದರೆ ಮತ್ತೆ ಬಂದು ವಿಚಾರಿಸಿದರು. ಮತ್ಲಬ್ ಎಂಬ ಪ್ರದೇಶದಲ್ಲಿ ಈ ಸೇವೆ ಸಿಕ್ಕ ಹಳ್ಳಿಗಳನ್ನೂ ಸಿಗದ ಹಳ್ಳಿಗಳನ್ನೂ ಅಕ್ಕಪಕ್ಕ ಇಟ್ಟು ವರ್ಷಗಟ್ಟಲೆ ಅಳೆದರು. ಸೇವೆ ತಲುಪಿದಲ್ಲಿ ಹೆರಿಗೆಗಳು ಬೇಗ ಇಳಿದವು, ತಾಯಂದಿರ ಆರೋಗ್ಯವೂ ಸುಧಾರಿಸಿತು. ಇಂದು ಅಲ್ಲಿನ ಸರಾಸರಿ ಎರಡನ್ನು ಸ್ವಲ್ಪವೇ ಮೀರಿದೆ. ಒಂದು ಧರ್ಮದವರು ಕುಟುಂಬ ಯೋಜನೆಯನ್ನು ಒಪ್ಪುವುದೇ ಇಲ್ಲ ಎಂಬ ಮಾತನ್ನು ನಮ್ಮ ಜಗಲಿಗಳಲ್ಲಿ ಆಗಾಗ ಕೇಳುತ್ತೇನೆ. ಬಾಂಗ್ಲಾದೇಶ ಆ ಮಾತನ್ನು ಸುಳ್ಳು ಮಾಡಿದೆ, ಕಳೆದ ಶತಮಾನದ ಕೊನೆಯಲ್ಲಿ ಇರಾನ್ ಕೂಡ ಮಾಡಿತ್ತು.

ಹುಟ್ಟಿದ ಮಗು ಉಳಿಯುತ್ತದೆ ಎಂಬ ಭರವಸೆ ಬಂದಾಗ, ಹುಡುಗಿ ಹೈಸ್ಕೂಲು ದಾಟಿದಾಗ, ಮದುವೆ ಕೆಲವು ವರ್ಷ ಮುಂದೆ ಹೋದಾಗ, ಬೇಕಾದ ಸಾಧನ ಹತ್ತಿರದಲ್ಲಿ ಸಿಕ್ಕಾಗ ಹೆರಿಗೆಗಳು ತಾವಾಗಿ ಇಳಿಯುತ್ತವೆ. ಕೇರಳದಲ್ಲಿ ಆದದ್ದು ಇದು, ತಮಿಳುನಾಡಿನಲ್ಲಿ ಆದದ್ದು ಇದು, ನಮ್ಮಲ್ಲಿಯೂ ಆದದ್ದು ಇದೇ. ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನವಾಗಲಿ, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಗೋಡೆಬರಹವಾಗಲಿ ಜನರ ಮನಸ್ಸನ್ನು ಒಂದಿಷ್ಟು ಹದ ಮಾಡಿರಬಹುದು; ದೂರದ ಹಳ್ಳಿಗೂ ನಡೆದು ಹೋದ ಕಿರಿಯ ಆರೋಗ್ಯ ಸಹಾಯಕಿಯರು, ಈಗಿನ ಆಶಾ ಕಾರ್ಯಕರ್ತೆಯರು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ಆಫ್ರಿಕಾದ ನೈಜರ್, ಚಾಡ್, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಂಥ ಕಡೆ ಇಂದಿಗೂ ಸರಾಸರಿ ಆರರ ಆಸುಪಾಸು ಇರುವುದಕ್ಕೆ ಕಾರಣ ಈ ಯಾವುದೂ ಸರಿಯಾಗಿ ತಲುಪದಿರುವುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಕೋಟಿ ಗರ್ಭಗಳು ಬಯಸದೆ ನಿಲ್ಲುವಂಥವು ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2022ರಲ್ಲಿ ಹೇಳಿತು, ಅಂದರೆ ಒಟ್ಟು ಗರ್ಭಗಳಲ್ಲಿ ಅರ್ಧದ ಹತ್ತಿರ. ಜನಸಂಖ್ಯೆಯ ಬಗ್ಗೆ ಆತಂಕಪಡುವವರು ಮೊದಲು ಓದಬೇಕಾದ ಅಂಕಿ ಇದು. ನಮ್ಮ ರಾಜ್ಯದಲ್ಲೂ ಕೆಲಸ ಮುಗಿದಿಲ್ಲ. 20ರಿಂದ 24 ವರ್ಷದ ಮಹಿಳೆಯರಲ್ಲಿ ಐವರಿಗೆ ಒಬ್ಬರು 18 ತುಂಬುವ ಮೊದಲೇ ಮದುವೆಯಾದವರು. ಅವರಲ್ಲಿ ಅನೇಕರು ಇಪ್ಪತ್ತೈದರೊಳಗೆ ಎರಡು ಹೆತ್ತು ಆಪರೇಷನ್ ಮುಗಿಸಿರುತ್ತಾರೆ. ನಡುವೆ ಅಂತರ ಬಿಡುವ ಒಂದು ಸಾಧನವನ್ನೂ ಬಳಸಿರುವುದಿಲ್ಲ. ಸರಾಸರಿ ಕಡಿಮೆಯಾಯಿತೆಂದು ಸಂತೋಷಪಡುವಾಗ ಈ ಹುಡುಗಿಯರ ದಣಿದ ದೇಹಗಳು ನನಗೆ ನೆನಪಾಗುತ್ತವೆ.

ಬೆಂಗಳೂರಿನ ದಟ್ಟಣೆಗೆ ಮಾತ್ರ ಹೆರಿಗೆಗಳನ್ನು ದೂರುವುದು ತಪ್ಪು ವಿಳಾಸಕ್ಕೆ ಪತ್ರ ಹಾಕಿದಂತೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದು 96 ಲಕ್ಷ ಮುಟ್ಟಿತು. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಬೆಳವಣಿಗೆ ಶೇ 15.6, ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಇಳಿಯಿತು ಕೂಡ. ಜನ ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ಇದರಲ್ಲೇ ಇದೆ. ಯಾದಗಿರಿ, ರಾಯಚೂರಿನ ಕಟ್ಟಡ ಕಾರ್ಮಿಕರು, ಪೀಣ್ಯದ ಗಾರ್ಮೆಂಟ್ಸ್ ಹುಡುಗಿಯರು, ವೈಟ್‌ಫೀಲ್ಡಿನ ಎಂಜಿನಿಯರುಗಳು, ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದವರು. ಕೆಲಸ ಇದ್ದಲ್ಲಿಗೆ ಜನ ಬರುತ್ತಾರೆ. ನೀವೂ ಬಹುಶಃ ಹಾಗೆಯೇ ಬಂದವರು. ನಾಳೆಯಿಂದ ನಗರದಲ್ಲಿ ಒಂದು ಮಗುವೂ ಹುಟ್ಟದಿದ್ದರೂ ಟ್ಯಾಂಕರ್ ಸಾಲು ಕರಗುವುದಿಲ್ಲ. 2024ರ ಬೇಸಿಗೆಯಲ್ಲಿ ಬತ್ತಿದ್ದು ಹೊರವಲಯದ ಕೊಳವೆಬಾವಿಗಳು. ಕಾವೇರಿ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರು ಬರತೊಡಗಿದ್ದು ಆ ವರ್ಷದ ಅಕ್ಟೋಬರಿನಲ್ಲಿ. ಕೆರೆಗಳನ್ನು ಮುಚ್ಚಿ ಬಡಾವಣೆ ಮಾಡಿದ್ದು, ಕೈಗಾರಿಕೆ ಮತ್ತು ಕಚೇರಿಗಳನ್ನೆಲ್ಲ ಒಂದೇ ಊರಿನಲ್ಲಿ ತುಂಬಿದ್ದು, ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದರೂ ಬಸ್ಸುಗಳನ್ನು ಸಾಕಷ್ಟು ಹೆಚ್ಚಿಸದೆ ಉಳಿದದ್ದು, ಇವು ಯೋಜನೆಯ ಲೋಪಗಳು. ಕಲಬುರಗಿ, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ಕೆಲಸ ಸಿಗುವಂತೆ ಮಾಡುವುದು ಇದಕ್ಕೆ ಸರಿಯಾದ ದಾರಿ. ಪರಿಸರದ ಮೇಲಿನ ಹೊರೆಯ ಮಾತೂ ಹೀಗೆಯೇ. ಅಮೆರಿಕದ ಒಬ್ಬ ಪ್ರಜೆಯ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 14 ಟನ್, ಭಾರತೀಯನದು ಸುಮಾರು 2 ಟನ್. ತಲೆಗಳನ್ನಷ್ಟೇ ಎಣಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಹೆಚ್ಚು ಹೆರಿ ಎನ್ನುವವರ ಮಾತಿಗೆ ಬರೋಣ. ಅವರ ಆತಂಕ ಸುಳ್ಳಲ್ಲ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದೆಂದು ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 1976ರ ಸಂವಿಧಾನ ತಿದ್ದುಪಡಿ 1971ರ ಜನಗಣತಿಗೆ ಕಟ್ಟಿಹಾಕಿತು. ಮುಂದೆ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. 15ನೇ ಹಣಕಾಸು ಆಯೋಗ 2011ರ ಜನಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡಾಗ, ಬೇರೆ ಕಾರಣಗಳೂ ಸೇರಿ, ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿಯಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅದಕ್ಕಾಗಿ ಸಂಸತ್ತಿನಲ್ಲಿ, ಆಯೋಗಗಳ ಮುಂದೆ ಗಟ್ಟಿಯಾಗಿ ವಾದಿಸಬೇಕು. ಆ ಜಗಳವನ್ನು ಗೆಲ್ಲಿಸುವ ಹೊಣೆಯನ್ನು ಹೆಂಗಸರ ಗರ್ಭಕೋಶದ ಮೇಲೆ ಹೇರುವುದನ್ನು ನಾನು ಒಪ್ಪಲಾರೆ. 2024ರಲ್ಲಿ ಆಂಧ್ರಪ್ರದೇಶ, ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ತೆಗೆದುಹಾಕಿದ್ದು ಒಳ್ಳೆಯದಾಯಿತು, ಅಂಥ ನಿಯಮ ಇರಲೇಬಾರದಿತ್ತು. ಆದರೆ ಹೆಚ್ಚು ಹೆರಿಸುವ ಒತ್ತಾಯವೂ ಅಷ್ಟೇ ಕೆಟ್ಟದ್ದು. 1966ರಲ್ಲಿ ರೊಮೇನಿಯಾ ಗರ್ಭಪಾತವನ್ನು ನಿಷೇಧಿಸಿದಾಗ ಮರುವರ್ಷ ಹೆರಿಗೆಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಕೆಲವೇ ವರ್ಷಗಳಲ್ಲಿ ಮತ್ತೆ ಇಳಿದವು. ನಡುವೆ ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಳ್ಳಲು ಹೋಗಿ ಸತ್ತ ಮಹಿಳೆಯರು ಸಾವಿರಾರು. ದಕ್ಷಿಣ ಕೊರಿಯಾ ಅಪಾರ ಹಣ ಸುರಿದರೂ 2023ರಲ್ಲಿ ಅಲ್ಲಿನ ಸರಾಸರಿ 0.72. ಕಚೇರಿಯ ಕೆಲಸದ ಅವಧಿ, ಮನೆಯ ಬಾಡಿಗೆ, ಮಗುವನ್ನು ನೋಡಿಕೊಳ್ಳುವಲ್ಲಿ ಗಂಡನ ಪಾಲು, ಇವು ಬದಲಾಗದೆ ಹಣ ಒಂದೇ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಯುವ ದಂಪತಿಗಳು ಎರಡನೆಯ ಮಗು ಬೇಡವೆನ್ನುವ ಕಾರಣಗಳೂ ಬಹುಮಟ್ಟಿಗೆ ಇವೇ.

ಇನ್ನು ನಿಮ್ಮ ಸೊಸೆ. ಆಕೆಯ ಭಯಕ್ಕೆ ಆಧಾರವಿಲ್ಲದಿಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. ಒಳ್ಳೆಯ ಆಸ್ಪತ್ರೆಯಲ್ಲಿ ಟ್ಯೂಬೆಕ್ಟಮಿ, ಅಂದರೆ ಹೆಂಗಸರ ಸಂತಾನಶಕ್ತಿ ಹರಣ ಚಿಕಿತ್ಸೆ, ಸುರಕ್ಷಿತವೇ, ಆದರೂ ಅದು ಹೊಟ್ಟೆಯೊಳಗೆ ಮಾಡುವ ಶಸ್ತ್ರಚಿಕಿತ್ಸೆ. ನಿಮ್ಮ ಮಗನ ಮುಂದೆ ಅದಕ್ಕಿಂತ ಬಹಳ ಸುಲಭವಾದ ದಾರಿ ಇದೆ. ಚಾಕು ಬಳಸದ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಶಕ್ತಿ ಹರಣ ಚಿಕಿತ್ಸೆ: ಆ ಜಾಗಕ್ಕಷ್ಟೇ ಅರಿವಳಿಕೆ, ಅರ್ಧ ಗಂಟೆಯೊಳಗಿನ ಕೆಲಸ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ಗಂಡಸುತನಕ್ಕಾಗಲಿ, ದುಡಿಯುವ ಶಕ್ತಿಗಾಗಲಿ ಯಾವ ಕುಂದೂ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಯಮದ ಪ್ರಕಾರ ಗಂಡಸಿಗೆ 60 ತುಂಬಿರಬಾರದು, ಕನಿಷ್ಠ ಒಂದು ಮಗುವಿಗೆ ವರ್ಷ ದಾಟಿರಬೇಕು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ವ್ಯಾಸೆಕ್ಟಮಿ ಆದ ತಕ್ಷಣ ಪರಿಣಾಮ ಬರುವುದಿಲ್ಲ. ಮೂರು ತಿಂಗಳು ಕಾಂಡೋಮ್ ಅಥವಾ ಬೇರೆ ಸಾಧನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೈದ್ಯರು ಸರಿ ಎಂದ ನಂತರವೇ ಅವನ್ನು ಬಿಡಬೇಕು. ಮಗ ಇನ್ನೂ ಮನಸ್ಸು ಮಾಡದಿದ್ದರೆ ಅಲ್ಲಿಯವರೆಗೆ ಸೊಸೆಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಇದೆ. ಅದರಲ್ಲಿ ಹತ್ತು ವರ್ಷದ್ದೂ ಇದೆ, ಐದು ವರ್ಷದ್ದೂ ಇದೆ, ಬೇಡವಾದಾಗ ತೆಗೆಸಬಹುದು. ಮೂರು ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಇಂಜೆಕ್ಷನ್, ಲಖನೌದ ಸರ್ಕಾರಿ ಸಂಶೋಧನಾಲಯದಲ್ಲಿ ರೂಪುಗೊಂಡ ‘ಛಾಯಾ’ ಮಾತ್ರೆ ಕೂಡ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ಸಿಗುತ್ತವೆ. ‘ಛಾಯಾ’ವನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗಬೇಕು. ಯಾವುದು ಹೊಂದುತ್ತದೆ ಎಂಬುದನ್ನು ಆಕೆಯ ರಕ್ತದೊತ್ತಡ, ಮುಟ್ಟಿನ ಸ್ವರೂಪ, ಹಾಲೂಡಿಸುತ್ತಿದ್ದಾಳೆಯೇ ಎಂಬುದನ್ನೆಲ್ಲ ನೋಡಿ ಸ್ತ್ರೀರೋಗ ತಜ್ಞರು ಹೇಳಬೇಕು. ಅಲ್ಲಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಲಿ. ನೀವು ಮೊದಲು ನಿಮ್ಮ ಮಗನ ಜೊತೆ ಮಾತಾಡಿ.